ಏಳು ಗಂಟೆಯ ಎಕ್ಸ್‌ಪೋರ್ಟ್: ಒಂದು ಮದುವೆ ವಿಡಿಯೊ ಸ್ಟುಡಿಯೊದ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಸಣ್ಣ ಸ್ಟುಡಿಯೊ. ಹೆಸರು, ಬಡಾವಣೆ, ಗ್ರಾಹಕರ ಗುರುತು ಬಿಟ್ಟು, ಯಂತ್ರದ ಭಾಗಗಳು, ಸೆಟ್ಟಿಂಗ್‌ಗಳು ಮತ್ತು ತೆಗೆದುಕೊಂಡ ತೀರ್ಮಾನಗಳನ್ನಷ್ಟೇ ಇಲ್ಲಿ ಇಟ್ಟಿದೆ. ಮಾಲೀಕರೇ ಮುಖ್ಯ ಕ್ಯಾಮೆರಾಮನ್. ಅವರ ಜೊತೆ ಒಬ್ಬ ಹಿರಿಯ ಎಡಿಟರ್, ಕೆಲಸ ಕಲಿಯುತ್ತಿರುವ ಒಬ್ಬ ಹುಡುಗ. ಒಂದು ಮದುವೆಗೆ ಮೂರು ವಿಡಿಯೊ ಕೊಡುತ್ತಾರೆ: ಒಂದು ನಿಮಿಷದ ಟೀಸರ್, ಐದಾರು ನಿಮಿಷದ ಹೈಲೈಟ್ಸ್, ಆಮೇಲೆ ನಾಂದಿಯಿಂದ ಹಿಡಿದು ಹೆಣ್ಣೊಪ್ಪಿಸುವ ತನಕದ ಪೂರ್ತಿ ವಿಡಿಯೊ. ಈ ಕೊನೆಯದು ಎರಡು ಗಂಟೆ ದಾಟುತ್ತದೆ. ತಕರಾರು ಶುರುವಾದದ್ದು ಅದರಲ್ಲೇ.

ಎಡಿಟಿಂಗ್ ನಡೆಯುವುದು ಪ್ರೀಮಿಯರ್ ಪ್ರೊ ಎಂಬ ಸಾಫ್ಟ್‌ವೇರ್‌ನಲ್ಲಿ. ಯಂತ್ರವನ್ನು ಎರಡು ವರ್ಷದ ಹಿಂದೆ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಜೋಡಿಸಿಕೊಂಡು ತಂದದ್ದು: ಇಂಟೆಲ್ ಐ7-12700ಎಫ್ ಪ್ರೊಸೆಸರ್, ಬಿ660 ಮದರ್‌ಬೋರ್ಡ್, 32 ಜಿಬಿ ರ‍್ಯಾಮ್, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ವಿಂಡೋಸ್‌ಗೆ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಫೂಟೇಜ್‌ಗೆ 4 ಟಿಬಿಯ ಹಾರ್ಡ್‌ಡಿಸ್ಕ್. ಮದುವೆ ಕೆಲಸಕ್ಕೆ ಇದು ಕಡಿಮೆಯ ಯಂತ್ರವೇನಲ್ಲ. ಹಳೆಯ ಕ್ಯಾಮೆರಾ ಇದ್ದಷ್ಟು ದಿನ ಪೂರ್ತಿ ವಿಡಿಯೊ ಒಂದೂಕಾಲು ಗಂಟೆಯಲ್ಲಿ ಎಕ್ಸ್‌ಪೋರ್ಟ್ ಆಗುತ್ತಿತ್ತು, ಅಂದರೆ ಎಡಿಟ್ ಮಾಡಿದ್ದು ಕೊಡಲು ಸಿದ್ಧವಾದ ಒಂದು ಫೈಲ್ ಆಗಿ ಹೊರಬರುತ್ತಿತ್ತು. ಊಟಕ್ಕೆ ಹೋಗುವಾಗ ಹಾಕಿದರೆ ಬಂದು ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿದಿರುತ್ತಿತ್ತು.

ವೈಶಾಖದ ಸೀಸನ್‌ಗೆ ಮುಂಚೆ ಹೊಸ ಕ್ಯಾಮೆರಾ ಬಂತು. ಅದಾದ ಮೇಲೆ ಮೊದಲ ಮದುವೆಯ 2 ಗಂಟೆ 20 ನಿಮಿಷದ ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸಿದ ಎಡಿಟ್) ಎಕ್ಸ್‌ಪೋರ್ಟ್ ಆಗಲು 7 ಗಂಟೆ 15 ನಿಮಿಷ ಹಿಡಿಯಿತು. ಎರಡನೆಯ ಮದುವೆಯದು ರಾತ್ರಿ ಹಾಕಿ ಹೋದದ್ದು ಶೇ. 80ರ ಹತ್ತಿರ ಇರುವಾಗ ಕರೆಂಟ್ ಹೋಯಿತು, ಯುಪಿಎಸ್ ಕಾಲು ಗಂಟೆ ತಾಳಿ ಕೈಬಿಟ್ಟಿತು. ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಂತರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದಲೇ ಹಾಕಬೇಕು. ಆಷಾಢ ಬರುವುದರೊಳಗೆ ಇನ್ನೂ ನಾಲ್ಕು ಮದುವೆ ಕೊಡಬೇಕಿತ್ತು.

ಮೊದಲು ಮಾಡಿದ್ದು

ಎಲ್ಲರೂ ಮಾಡುವುದನ್ನೇ ಇವರೂ ಮಾಡಿದರು. ಮೀಡಿಯಾ ಕ್ಯಾಶ್ ಅಳಿಸಿದರು. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದರು. ರ‍್ಯಾಮ್ ಅನ್ನು 32ರಿಂದ 64 ಜಿಬಿಗೆ ಏರಿಸಿದರು. ಎಕ್ಸ್‌ಪೋರ್ಟ್ ಸಮಯದಲ್ಲಿ ಹತ್ತು ನಿಮಿಷವೂ ಇಳಿಯಲಿಲ್ಲ. ರ‍್ಯಾಮ್‌ಗೆ ಕೊಟ್ಟ ದುಡ್ಡು ಪೂರ್ತಿ ದಂಡ ಎನ್ನಲಾಗದು, ಮುಂದೆ ಉಪಯೋಗಕ್ಕೆ ಬಂದೀತು; ಆದರೆ ಖರೀದಿಗೆ ಮುಂಚೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ್ದರೆ ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಇದ್ದ 32 ಜಿಬಿಯಲ್ಲೇ 21 ಬಳಕೆಯಾಗುತ್ತಿರುವುದು ಕಾಣುತ್ತಿತ್ತು. ತುಂಬದ ಕೊಡಕ್ಕೆ ಇನ್ನೊಂದು ಕೊಡ ಸೇರಿಸಿದ ಹಾಗಾಯಿತು.

ಆಮೇಲೆ ಪ್ರಾಕ್ಸಿ. ಟೈಮ್‌ಲೈನ್ ಕೂಡ ತಡವರಿಸುತ್ತಿದ್ದರಿಂದ ಹಿರಿಯ ಎಡಿಟರ್ ಎಲ್ಲ ಕ್ಲಿಪ್‌ಗೂ ಪ್ರಾಕ್ಸಿ, ಅಂದರೆ ಹಗುರವಾದ ನಕಲು, ಮಾಡಿದರು. ಎಡಿಟಿಂಗ್ ಬೆಣ್ಣೆಯಂತಾಯಿತು, ಎಕ್ಸ್‌ಪೋರ್ಟ್ ಮಾತ್ರ ಅದೇ ಏಳು ಗಂಟೆ. ಇಲ್ಲಿ ಅವರು ಗೊಂದಲಕ್ಕೆ ಬಿದ್ದರು. ಬಹಳ ಜನ ಬೀಳುವುದೂ ಇಲ್ಲೇ. ಪ್ರಾಕ್ಸಿ ಇರುವುದು ಎಡಿಟ್ ಮಾಡುವಾಗ ನೋಡಲಿಕ್ಕೆ. ಎಕ್ಸ್‌ಪೋರ್ಟ್ ಒತ್ತಿದ ಕೂಡಲೇ ಪ್ರೀಮಿಯರ್ ಮೂಲ ಕ್ಲಿಪ್‌ಗಳಿಗೇ ಹೋಗುತ್ತದೆ. ಟೈಮ್‌ಲೈನ್ ಸರಾಗವಾಗಿಯೂ ಎಕ್ಸ್‌ಪೋರ್ಟ್ ಹಾಗೇ ಉಳಿಯಿತೆಂದರೆ ಕಾಟ ಮೂಲ ಕ್ಲಿಪ್‌ನಲ್ಲೇ ಇರಬಹುದು ಎಂಬ ಸುಳಿವು ಅದರಲ್ಲೇ ಇತ್ತು. ಆಗ ಯಾರೂ ಅದನ್ನು ಸುಳಿವೆಂದು ಓದಲಿಲ್ಲ.

ಅವಸರದಲ್ಲಿ ಇನ್ನೊಂದು ಎಡವಟ್ಟೂ ಆಯಿತು. ಎಡಿಟ್ ಮಾಡುವಾಗ ನೋಡಲು ಮೊದಲೇ ರೆಂಡರ್ ಮಾಡಿಟ್ಟ ಪ್ರಿವ್ಯೂಗಳನ್ನೇ ಬಳಸಿಕೊಳ್ಳುವ ‘ಯೂಸ್ ಪ್ರಿವ್ಯೂಸ್’ ಟಿಕ್ ಹಾಕಿ ಒಂದು ಹೈಲೈಟ್ಸ್ ಕೊಟ್ಟರು. ಎಕ್ಸ್‌ಪೋರ್ಟ್ ಏನೋ ಬೇಗ ಮುಗಿಯಿತು. ಆದರೆ ಆ ಸೀಕ್ವೆನ್ಸ್‌ನ (ಆ ವಿಡಿಯೊದ ಟೈಮ್‌ಲೈನ್‌ನ) ಸೆಟ್ಟಿಂಗ್‌ನಲ್ಲಿ ಪ್ರಿವ್ಯೂ ಅಳತೆ 1920×1080 ಇತ್ತು, ಸೀಕ್ವೆನ್ಸ್ 4ಕೆ. ವಧುವಿನ ಮನೆಯವರ ದೊಡ್ಡ ಟಿವಿಯಲ್ಲಿ ಚಿತ್ರ ಮಸುಕು. ಮತ್ತೆ ಮಾಡಿಕೊಡಬೇಕಾಯಿತು. ಆ ಟಿಕ್ ಕೆಟ್ಟದ್ದೇನಲ್ಲ. ಪ್ರಿವ್ಯೂ ಕೋಡೆಕ್ (ವಿಡಿಯೊ ಕುಗ್ಗಿಸಿಡುವ ವಿಧಾನ) ಪ್ರೊರೆಸ್‌ನಂಥ ಒಳ್ಳೆಯದಾಗಿದ್ದು, ಅಳತೆ ಸೀಕ್ವೆನ್ಸ್‌ನಷ್ಟೇ ಇದ್ದರೆ ಮಾತ್ರ ಅದನ್ನು ನಂಬಬಹುದು.

ಇಷ್ಟಾದ ಮೇಲೆ ಕಾರ್ಡ್ ಬದಲಿಸುವ ಮಾತು ಬಂತು. ಅಂಗಡಿಯವರು ಐವತ್ತು ಸಾವಿರದ ಮೇಲಿನ ಆರ್‌ಟಿಎಕ್ಸ್ 4070 ಸೂಚಿಸಿದರು. ಮಾಲೀಕರ ತರ್ಕ ಹೀಗಿತ್ತು: ಎಕ್ಸ್‌ಪೋರ್ಟ್ ನಡೆಯುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಬಳಕೆ) ಬರೀ ಶೇ. 12 ತೋರಿಸುತ್ತಿದೆ, ಅಂದರೆ ಕಾರ್ಡ್‌ಗೆ ಶಕ್ತಿ ಸಾಲುತ್ತಿಲ್ಲ. ಅರ್ಥ ಇದಕ್ಕೆ ಪೂರ್ತಿ ಉಲ್ಟಾ. ಶೇ. 12 ಅಂದರೆ ಕಾರ್ಡ್ ಕೈಕಟ್ಟಿ ಕೂತಿದೆ, ಯಾರೋ ಕೆಲಸ ಕೊಡಲಿ ಎಂದು ಕಾಯುತ್ತಿದೆ. ಅದರ ಎರಡರಷ್ಟು ವೇಗದ ಕಾರ್ಡ್ ತಂದರೆ ಶೇ. 6 ತೋರಿಸುತ್ತಿತ್ತು, ಅಷ್ಟೆ.

ಖರೀದಿ ತಡೆದು ಅಳೆದದ್ದು

ಮೊದಲ ಒಳ್ಳೆಯ ತೀರ್ಮಾನ ಇದು: ಕಾರ್ಡ್ ಖರೀದಿಯನ್ನು ಮೂರು ದಿನ ಮುಂದಕ್ಕೆ ಹಾಕಿ, ಟೈಮ್‌ಲೈನ್‌ನ ಒಂದೇ 3 ನಿಮಿಷದ ತುಂಡನ್ನು ಆರಿಸಿಕೊಂಡು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅಳೆಯುವುದು. ಆರಿಸಿದ್ದು ಆರತಕ್ಷತೆಯ ವೇದಿಕೆಯ ಭಾಗ. ಎರಡು ಕ್ಯಾಮೆರಾದ ಕಟ್, ಬಣ್ಣದ ತಿದ್ದುಪಡಿ, ನಾಯ್ಸ್ ರಿಡಕ್ಷನ್ (ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳು ತೆಗೆಯುವುದು) ಎಲ್ಲವೂ ಅದರಲ್ಲಿ ಇದ್ದವು.

ಎಕ್ಸ್‌ಪೋರ್ಟ್ ಎನ್ನುವುದು ಹೊರಗಿನಿಂದ ಒಂದೇ ಕೆಲಸದ ಹಾಗೆ ಕಂಡರೂ ಒಳಗೆ ಐದು. ಡಿಸ್ಕ್‌ನಿಂದ ಓದುವುದು, ಕ್ಲಿಪ್ ಅನ್ನು ಡಿಕೋಡ್ ಮಾಡಿ ಫ್ರೇಮ್ ಬಿಡಿಸುವುದು, ಎಫೆಕ್ಟ್ ಮತ್ತು ಬಣ್ಣ ಹಾಕುವುದು, ಹೊಸದಾಗಿ ಎನ್‌ಕೋಡ್ ಮಾಡಿ ಕುಗ್ಗಿಸುವುದು, ಬರೆಯುವುದು. ಐದೂ ಸಾಲಾಗಿ ನಿಂತು ಇಟ್ಟಿಗೆ ದಾಟಿಸುವವರ ಹಾಗೆ. ಅವರಲ್ಲಿ ನಿಧಾನಸ್ಥ ಯಾರೋ ಅವನ ವೇಗವೇ ಎಲ್ಲರ ವೇಗ.

ಇದ್ದದ್ದು ಇದ್ದ ಹಾಗೇ ಹಾಕಿದಾಗ 3 ನಿಮಿಷದ ತುಂಡಿಗೆ 9 ನಿಮಿಷ 20 ಸೆಕೆಂಡ್ ಬಂತು.

ಡಿಸ್ಕ್ ಮೇಲಿನ ಅನುಮಾನ ಲೆಕ್ಕದಲ್ಲೇ ಕಳೆಯಿತು. ಕ್ಲಿಪ್‌ಗಳು 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್), ಅಂದರೆ ಸೆಕೆಂಡಿಗೆ 25 ಎಂಬಿ. ಎರಡು ಕ್ಯಾಮೆರಾ ಒಟ್ಟಿಗೆ, ಅದೂ ಪೂರ್ತಿ ವೇಗದಲ್ಲಿ ಓದಿದರೂ 50. ಸಾಧಾರಣ ಹಾರ್ಡ್‌ಡಿಸ್ಕ್ ಸಾಲಾಗಿ ಓದುವಾಗ 150ರ ಆಸುಪಾಸು ಕೊಡುತ್ತದೆ. ಹೊರಬರುವ ಫೈಲ್ 50 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 6 ಎಂಬಿ ಚಿಲ್ಲರೆ. ಖಾತ್ರಿಗಾಗಿ ತುಂಡಿನ ಕ್ಲಿಪ್‌ಗಳನ್ನು ಎಸ್‌ಎಸ್‌ಡಿಗೆ ನಕಲು ಮಾಡಿ ನೋಡಿದರು. ಉಳಿತಾಯವಾದದ್ದು 5 ಸೆಕೆಂಡ್.

ಆಮೇಲೆ ಎಕ್ಸ್‌ಪೋರ್ಟ್ ಪ್ರಿಸೆಟ್, ಅಂದರೆ ಮೊದಲೇ ಉಳಿಸಿಟ್ಟ ಸೆಟ್ಟಿಂಗ್‌ಗಳ ಗುಂಪು. ಇದು ಹಿಂದಿನ ಎಡಿಟರ್ ಬಿಟ್ಟು ಹೋದದ್ದು, ವರ್ಷಗಳಿಂದ ಯಾರೂ ತೆರೆದು ನೋಡಿರಲಿಲ್ಲ. ಒಳಗೆ ‘ವಿಬಿಆರ್, 2 ಪಾಸ್’, ‘ಸಾಫ್ಟ್‌ವೇರ್ ಎನ್‌ಕೋಡಿಂಗ್’, ಮೇಲೆ ‘ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ’ ಟಿಕ್. ವಿಂಡೋಸ್‌ನಲ್ಲಿ ಎನ್‌ವಿಡಿಯಾ ಕಾರ್ಡ್‌ನಿಂದ ಎನ್‌ಕೋಡ್ ಮಾಡಿಸುವ ಸೌಲಭ್ಯ ಪ್ರೀಮಿಯರ್‌ಗೆ ಬಂದದ್ದೇ 2020ರ ಮೇನಲ್ಲಿ. ಈ ಪ್ರಿಸೆಟ್ ಅದಕ್ಕೂ ಹಿಂದಿನ ಕಾಲದ್ದು. ಎರಡು ಪಾಸ್ (ಇಡೀ ವಿಡಿಯೊವನ್ನು ಎರಡು ಸಲ ಹಾಯುವುದು) ಬೇಕೆಂದರೆ ಹಾರ್ಡ್‌ವೇರ್ ಎನ್‌ಕೋಡಿಂಗ್ ಸಿಗುವುದಿಲ್ಲ, ಕೆಲಸವೆಲ್ಲ ಪ್ರೊಸೆಸರ್ ತಲೆಗೆ. ‘ವಿಬಿಆರ್, 1 ಪಾಸ್’, ಗುರಿ 50 ಎಂಬಿಪಿಎಸ್, ‘ಹಾರ್ಡ್‌ವೇರ್ ಎನ್‌ಕೋಡಿಂಗ್’ ಎಂದು ಬದಲಿಸಿ, ರೆಂಡರ್ ಕ್ವಾಲಿಟಿ ಟಿಕ್ ತೆಗೆದರು. ಆ ಟಿಕ್‌ನ ಪರಿಣಾಮ ಮುಖ್ಯವಾಗಿ ಚಿತ್ರದ ಅಳತೆ ಹಿಗ್ಗಿಸಿ ಕುಗ್ಗಿಸುವಾಗಿನದು, ಜಿಪಿಯು ವೇಗವರ್ಧನೆ ಚಾಲೂ ಇದ್ದರೆ ಅದಿಲ್ಲದೆಯೂ ಅಳತೆ ಬದಲಾವಣೆ ಚೆನ್ನಾಗಿಯೇ ಬರುತ್ತದೆ. 50 ಎಂಬಿಪಿಎಸ್‌ನಷ್ಟು ಬಿಟ್‌ರೇಟ್ ಕೊಟ್ಟಾಗ ಒಂದು ಪಾಸ್, ಎರಡು ಪಾಸ್‌ನ ವ್ಯತ್ಯಾಸ ಮದುವೆ ವಿಡಿಯೊದಲ್ಲಿ ಕಣ್ಣಿಗೆ ಬೀಳುವಂಥದ್ದೂ ಅಲ್ಲ. ಸಮಯ: 6 ನಿಮಿಷ 40 ಸೆಕೆಂಡ್.

ನಾಯ್ಸ್ ರಿಡಕ್ಷನ್ ಪ್ಲಗಿನ್ ಅನ್ನು ಒಂದು ಅಡ್ಜಸ್ಟ್‌ಮೆಂಟ್ ಲೇಯರ್ (ಕೆಳಗಿನ ಎಲ್ಲ ಕ್ಲಿಪ್‌ಗೂ ತಗಲುವ ಪದರ) ಮೇಲೆ ಹಾಕಿ, ಆ ಲೇಯರ್ ಅನ್ನು ಟೈಮ್‌ಲೈನ್‌ನ ಈ ತುದಿಯಿಂದ ಆ ತುದಿಗೆ ಎಳೆದುಬಿಟ್ಟಿದ್ದರು. ಬೆಳಗಿನ ಬಿಸಿಲಲ್ಲಿ ತೆಗೆದ ಮಂಟಪದ ಹೊರಗಿನ ಶಾಟ್‌ಗೂ ನಾಯ್ಸ್ ರಿಡಕ್ಷನ್! ಇಂಥ ಪ್ಲಗಿನ್‌ಗಳಲ್ಲಿ ಅಕ್ಕಪಕ್ಕದ ಫ್ರೇಮ್‌ಗಳ ಜೊತೆ ಹೋಲಿಸುವ ವಿಧಾನಕ್ಕೆ ಒಂದು ಫ್ರೇಮ್ ಶುಚಿ ಮಾಡಲು ಹಿಂದಿನ, ಮುಂದಿನ ಕೆಲವು ಫ್ರೇಮ್‌ಗಳೂ ಬೇಕು. ಡಿಕೋಡ್ ಮೊದಲೇ ನಿಧಾನವಿದ್ದರೆ ಇದು ಗಾಯದ ಮೇಲೆ ಬರೆ. ಜೊತೆಗೆ ಅಡ್ಜಸ್ಟ್‌ಮೆಂಟ್ ಲೇಯರ್ ಮೇಲಿರುವುದರಿಂದ ಬಣ್ಣ ತಿದ್ದಿದ ಮೇಲೆ ನಾಯ್ಸ್ ತೆಗೆದಂತಾಗುತ್ತಿತ್ತು. ಕ್ರಮ ತಿರುವುಮುರುವಾಗಬೇಕು: ಮೂಲ ಕ್ಲಿಪ್ ಮೇಲೆ ಮೊದಲು ನಾಯ್ಸ್, ಆಮೇಲೆ ಬಣ್ಣ. ಲೇಯರ್ ಆಫ್ ಮಾಡಿದಾಗ ತುಂಡಿಗೆ 4 ನಿಮಿಷ 50 ಸೆಕೆಂಡ್ ಬಂತು.

ಅರ್ಧಕ್ಕೆ ಇಳಿದರೂ ಇದು ಹಳೆಯ ಕ್ಯಾಮೆರಾ ಕಾಲದ ವೇಗಕ್ಕಿಂತ ಎಷ್ಟೋ ನಿಧಾನ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಮೇಲೆ ಒತ್ತಿದರೆ ‘3ಡಿ’, ‘ವಿಡಿಯೊ ಎನ್‌ಕೋಡ್’, ‘ವಿಡಿಯೊ ಡಿಕೋಡ್’ ಎಂದು ಬೇರೆಬೇರೆ ಗ್ರಾಫ್ ಕಾಣುತ್ತವೆ. ಎನ್‌ಕೋಡ್ ಈಗ ಶೇ. 20ರ ಹತ್ತಿರ ಓಡಾಡುತ್ತಿತ್ತು. ಡಿಕೋಡ್ ಸೊನ್ನೆ. ಅತ್ತಿತ್ತ ಅಲುಗಾಡದ ಸೊನ್ನೆ. ಪ್ರೊಸೆಸರ್ ಮಾತ್ರ ಶೇ. 100.

ಹುಡುಗನ ಲ್ಯಾಪ್‌ಟಾಪ್

ಕೆಲಸ ಕಲಿಯುತ್ತಿದ್ದ ಹುಡುಗ ಮೊದಲ ವಾರದಲ್ಲೇ ಒಂದು ಮಾತು ಹೇಳಿದ್ದ: “ಸರ್, ನನ್ ಲ್ಯಾಪ್‌ಟಾಪಲ್ಲಿ ಇದೇ ಕ್ಲಿಪ್ ಆರಾಮಾಗಿ ಓಡುತ್ತೆ.” ಕಾಲೇಜಿಗೆಂದು ಕೊಂಡ, ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲದ, 12ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಡಿಕೋಡ್ ಸೊನ್ನೆ ಕಂಡ ಮೇಲೆ ಅದು ನೆನಪಾಯಿತು. ಲ್ಯಾಪ್‌ಟಾಪ್ ತರಿಸಿ, ಅದೇ ಕ್ಲಿಪ್ ಹಾಕಿ, ಅದೇ ಗ್ರಾಫ್ ನೋಡಿದರು. ಡಿಕೋಡ್ ಶೇ. 60ರ ಮೇಲೆ, ಪ್ರೊಸೆಸರ್ ತಣ್ಣಗೆ. ಇಡೀ ಪ್ರಕರಣ ತಿರುಗಿದ್ದು ಇಲ್ಲಿ.

ಕ್ಲಿಪ್‌ನ ಜಾತಕ ತೆಗೆಯಲು ಮೀಡಿಯಾಇನ್ಫೊ ಎಂಬ ಉಚಿತ ಸಾಧನ ಸಾಕು. ಹೊಸ ಕ್ಯಾಮೆರಾದ ಕ್ಲಿಪ್ ಹೀಗಿತ್ತು: ಎಚ್.265, 3840×2160, ಸೆಕೆಂಡಿಗೆ 50 ಫ್ರೇಮ್, 10 ಬಿಟ್, 4:2:2. ಹಳೆಯದು ಎಚ್.264, 25 ಫ್ರೇಮ್, 8 ಬಿಟ್, 4:2:0.

ಎಚ್.264, ಎಚ್.265 ವಿಡಿಯೊ ಕುಗ್ಗಿಸುವ ವಿಧಾನಗಳು; ಬಿಟ್ ಹೆಚ್ಚಿದಷ್ಟೂ ಬಣ್ಣದ ಮೆಟ್ಟಿಲುಗಳು ಸೂಕ್ಷ್ಮ. ಕೊನೆಯ ಮೂರು ಅಂಕಿ ಬಣ್ಣದ ವಿವರ ಎಷ್ಟು ಉಳಿದಿದೆ ಎಂಬುದರ ಲೆಕ್ಕ. 4:2:0ದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾದರಿ, 4:2:2ರಲ್ಲಿ ಎರಡು ಪಿಕ್ಸೆಲ್‌ಗೆ ಒಂದು. ಹಸಿರು ಪರದೆ ಕತ್ತರಿಸುವವರಿಗೆ, ಬಣ್ಣವನ್ನು ಬಹಳ ಎಳೆದಾಡುವವರಿಗೆ ಇದರ ಪ್ರಯೋಜನವಿದೆ. ಆದರೆ ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಎನ್‌ವಿಡಿಯಾ ಕಾರ್ಡ್‌ಗಳ ಡಿಕೋಡರ್‌ಗೆ ಎಚ್.265 4:2:0 ಗೊತ್ತು, ತಮಾಷೆಯೆಂದರೆ 4:4:4 ಕೂಡ ಗೊತ್ತು, ನಡುವಿನ 4:2:2 ಗೊತ್ತಿಲ್ಲ. 2025ರ ಆರಂಭದಲ್ಲಿ ಬಂದ 50 ಸರಣಿಯಲ್ಲಿ ಮಾತ್ರ ಅದು ಸೇರಿತು. ಅಂಗಡಿಯವರು ಹೇಳಿದ 4070 ತಂದಿದ್ದರೂ ಡಿಕೋಡ್ ಗ್ರಾಫ್ ಸೊನ್ನೆಯಲ್ಲೇ ಇರುತ್ತಿತ್ತು.

ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿರುವ, ವಿಡಿಯೊ ಬಿಡಿಸಲೆಂದೇ ಇರುವ ಕ್ವಿಕ್ ಸಿಂಕ್ ಎಂಬ ಭಾಗ ಮಾತ್ರ 11ನೇ ತಲೆಮಾರಿನಿಂದಲೇ ಎಚ್.265 10 ಬಿಟ್ 4:2:2 ಬಿಡಿಸಬಲ್ಲದು. ಸ್ಟುಡಿಯೊದ ಪ್ರೊಸೆಸರ್ 12ನೇ ತಲೆಮಾರಿನದೇ. ಆದರೆ ಹೆಸರಿನ ಕೊನೆಯಲ್ಲಿ ‘ಎಫ್’ ಇತ್ತು. ಎಫ್ ಎಂದರೆ ಒಳಗಿನ ಗ್ರಾಫಿಕ್ಸ್ ಇಲ್ಲದ ಮಾದರಿ. ಜೋಡಿಸುವ ದಿನ ಎರಡು-ಮೂರು ಸಾವಿರ ಉಳಿಯುತ್ತದೆ, ಹೇಗೂ ಬೇರೆ ಕಾರ್ಡ್ ಇದೆಯಲ್ಲ ಎಂದು ಅದನ್ನು ಆರಿಸಿದ್ದರು. ಅಂದಿನ ಕ್ಯಾಮೆರಾಕ್ಕೆ ಆ ಲೆಕ್ಕ ಸರಿಯಾಗಿಯೇ ಇತ್ತು.

ರುಜುವಾತಿಗೆ ಇನ್ನೊಂದು ಅಳತೆ. ತುಂಡಿನ ಕ್ಲಿಪ್‌ಗಳನ್ನು ಪ್ರೊರೆಸ್ 422 ಎಲ್‌ಟಿಗೆ ಬದಲಿಸಿ, ಉಳಿದದ್ದೆಲ್ಲ ಹಾಗೇ ಇಟ್ಟು ಎಕ್ಸ್‌ಪೋರ್ಟ್ ಹಾಕಿದರು. ಪ್ರೊರೆಸ್‌ನಲ್ಲಿ ಪ್ರತಿ ಫ್ರೇಮ್ ಸ್ವತಂತ್ರ, ಬಿಡಿಸುವುದು ಸುಲಭ. 1 ನಿಮಿಷ 35 ಸೆಕೆಂಡ್‌ನಲ್ಲಿ ಮುಗಿಯಿತು. 4 ನಿಮಿಷ 50 ಸೆಕೆಂಡ್‌ನಲ್ಲಿ ಮೂರನೇ ಎರಡು ಭಾಗ ಬರೀ ಕ್ಲಿಪ್ ಬಿಡಿಸುವುದಕ್ಕೇ ಹೋಗುತ್ತಿತ್ತು.

ಸಣ್ಣ ತುಂಡು ಹೇಳದ ವಿಷಯ

ಪ್ರೊಸೆಸರ್ ಬದಲಿಸುವ ಮುಂಚೆ ಕೈಯಲ್ಲಿದ್ದ ಒಂದು ಮದುವೆ ಕೊಡಬೇಕಿತ್ತು. ಹೊಸ ಪ್ರಿಸೆಟ್ ಹಾಕಿದರು. ನಾಯ್ಸ್ ರಿಡಕ್ಷನ್ ಅನ್ನು ನಿಜಕ್ಕೂ ಕತ್ತಲಿದ್ದ ಕ್ಲಿಪ್‌ಗಳಿಗೆ ಮಾತ್ರ ಉಳಿಸಿದರು. ಅಂಥ ಕ್ಲಿಪ್‌ಗಳು ಒಟ್ಟು 18 ನಿಮಿಷದವು. ತುಂಡಿನ ಲೆಕ್ಕ ಹಿಡಿದರೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಹಿಡಿದದ್ದು 5 ಗಂಟೆ 40 ನಿಮಿಷ.

ಲೆಕ್ಕಕ್ಕೂ ನಿಜಕ್ಕೂ ಇಷ್ಟು ಅಂತರ ಬಂದರೆ ಅದನ್ನು ‘ಇರಲಿ ಬಿಡು’ ಎನ್ನಬಾರದು. ಇವರು ಎನ್ನಲಿಲ್ಲ, ಅದು ಎರಡನೆಯ ಒಳ್ಳೆಯ ತೀರ್ಮಾನ. ಪ್ರೊಸೆಸರ್‌ನ ವೇಗ, ಉಷ್ಣತೆ ತೋರಿಸುವ ಎಚ್‌ಡಬ್ಲ್ಯುಇನ್ಫೊ ಹಾಕಿ ಒಂದು ಗಂಟೆ ದಾಖಲಿಸಿಕೊಂಡರು. ಮೊದಲ ಆರೇಳು ನಿಮಿಷ ಪ್ರೊಸೆಸರ್ 4.4 ಗಿಗಾಹರ್ಟ್ಸ್ ಹತ್ತಿರ, ಉಷ್ಣತೆ 90ರ ಮೇಲೆ. ಹತ್ತನೇ ನಿಮಿಷದ ಹೊತ್ತಿಗೆ 100 ಡಿಗ್ರಿ ಮುಟ್ಟಿ, ‘ಥರ್ಮಲ್ ಥ್ರಾಟ್ಲಿಂಗ್’ (ಬಿಸಿಯಾದಾಗ ವೇಗ ತಗ್ಗಿಸುವುದು) ಎದುರು ‘ಯೆಸ್’ ಬಂದು, ವೇಗ 2.9ಕ್ಕೆ ಇಳಿದು ಅಲ್ಲೇ ನಿಂತಿತು. 3 ನಿಮಿಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಯಂತ್ರ ಇನ್ನೂ ಪೂರ್ತಿ ಕಾದೇ ಇರುತ್ತಿರಲಿಲ್ಲ. ಸಣ್ಣ ತುಂಡು ಯಾವ ಹಂತ ನಿಧಾನ ಎಂದು ಹೇಳುತ್ತದೆ, ಯಂತ್ರ ಗಂಟೆಗಟ್ಟಲೆ ತಾಳುತ್ತದೆಯೇ ಎಂದು ಹೇಳುವುದಿಲ್ಲ.

ಕಾರಣ ಧೂಳು. ಸ್ಟುಡಿಯೊದ ಮುಂದೆ ರಸ್ತೆ ಅಗೆದು ತಿಂಗಳುಗಳಾಗಿದ್ದವು, ಕಿಟಕಿ ತೆರೆದೇ ಇರುತ್ತಿತ್ತು. ಕ್ಯಾಬಿನೆಟ್ ಮುಂದಿನ ಜಾಲರಿ ಕಂಬಳಿಯಾಗಿತ್ತು. ಪ್ರೊಸೆಸರ್ ಜೊತೆ ಡಬ್ಬಿಯಲ್ಲಿ ಬಂದ ಸಣ್ಣ ಕೂಲರ್‌ನ ರೆಕ್ಕೆಗಳ ನಡುವೆ ಗಾಳಿಗೆ ದಾರಿಯೇ ಇರಲಿಲ್ಲ, ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣದಂತಾಗಿತ್ತು. 12700ಎಫ್‌ನ ಮೂಲ ವಿದ್ಯುತ್ ಮಿತಿ 65 ವ್ಯಾಟ್ ಆದರೂ ಟರ್ಬೊದಲ್ಲಿ 180ರ ತನಕ ಎಳೆಯುತ್ತದೆ. ಆ ಕೂಲರ್‌ಗೆ ಶುಚಿಯಾಗಿದ್ದಾಗಲೇ ಅದು ಭಾರ. ಬ್ಲೋವರ್ ಹಿಡಿದು ಧೂಳು ತೆಗೆದರು (ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಊದಬೇಕು, ಬಿಟ್ಟರೆ ಅತಿವೇಗದಲ್ಲಿ ಸುತ್ತಿ ಬೇರಿಂಗ್ ಹಾಳಾಗಬಹುದು). ಹಳೆಯ ಪೇಸ್ಟ್ ಒರೆಸಿ, ಈ ಪ್ರೊಸೆಸರ್‌ನ ಸಾಕೆಟ್ ಆದ ಎಲ್‌ಜಿಎ 1700ರ ಬ್ರಾಕೆಟ್ ಇರುವ ಸಾಧಾರಣ ಟವರ್ ಕೂಲರ್ ಕೂರಿಸಿದರು. ಕ್ಯಾಬಿನೆಟ್ ಅನ್ನು ನೆಲದಿಂದ ಎತ್ತಿ ಮೇಜಿನ ಮೇಲಿಟ್ಟರು. ಅದೇ ಟೈಮ್‌ಲೈನ್ ಮತ್ತೆ ಹಾಕಿದಾಗ 4 ಗಂಟೆ 5 ನಿಮಿಷ, ಉಷ್ಣತೆ 80ರ ಒಳಗೆ.

ಇದೇ ಹೊತ್ತಿನಲ್ಲಿ ಇನ್ನೊಂದು ಸಣ್ಣ ಗಂಟು ಬಿಚ್ಚಿತು. ಪ್ರೋಗ್ರೆಸ್ ಪಟ್ಟಿ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ಅಲ್ಲಿದ್ದದ್ದು ಆಲ್ಬಮ್‌ನ ನಲವತ್ತು ಫೋಟೊಗಳ ಸ್ಲೈಡ್‌ಶೋ, ಪ್ರತಿಯೊಂದೂ 6000×4000. ಎಲ್ಲವನ್ನೂ 4000 ಪಿಕ್ಸೆಲ್ ಅಗಲಕ್ಕೆ ಇಳಿಸಿ ಅದೇ ಹೆಸರಲ್ಲಿ ಬದಲಿಸಿದರು, ನಿಲ್ಲುವುದು ಹೋಯಿತು.

ಆಯ್ಕೆಗಳು

ಉಳಿದ ಮದುವೆಗಳ ಫೂಟೇಜ್ ಆಗಲೇ 4:2:2ರಲ್ಲಿ ಚಿತ್ರೀಕರಣವಾಗಿತ್ತು. ಅದಕ್ಕೆ ಏನು ಮಾಡುವುದು ಎಂಬುದರ ಮೇಲೆ ಎರಡು ದಿನ ಚರ್ಚೆ ನಡೆಯಿತು.

ಹಿರಿಯ ಎಡಿಟರ್‌ಗೆ ಎಲ್ಲವನ್ನೂ ರಾತ್ರಿ ಹೊತ್ತು ಪ್ರೊರೆಸ್‌ಗೆ ಬದಲಿಸಿಡುವ ಯೋಚನೆ ಇತ್ತು. ಲೆಕ್ಕ ಹಾಕಿದಾಗ ಕೈಬಿಟ್ಟರು. ಪ್ರೊರೆಸ್ 422 ಎಲ್‌ಟಿ 4ಕೆಯಲ್ಲಿ 50 ಫ್ರೇಮ್‌ಗೆ 684 ಎಂಬಿಪಿಎಸ್, ಗಂಟೆಗೆ 308 ಜಿಬಿ. ಎರಡು ಕ್ಯಾಮೆರಾ ಸೇರಿ ಒಂದು ಮದುವೆಗೆ ಆರು ಗಂಟೆ ಫೂಟೇಜ್ ಎಂದರೂ 1.8 ಟಿಬಿ. ಒಂದೊಂದು ಮದುವೆಗೆ ಒಂದೊಂದು ಡಿಸ್ಕ್ ಕೊಳ್ಳಬೇಕಾಗುತ್ತಿತ್ತು. ಅಲ್ಲದೆ ಬದಲಿಸುವಾಗಲೂ ಅದೇ ಕ್ಲಿಪ್ ಅನ್ನು ಅದೇ ಪ್ರೊಸೆಸರ್ ಒಂದು ಸಲ ಬಿಡಿಸಲೇಬೇಕಲ್ಲ.

ಇಂಟೆಲ್ ಆರ್ಕ್ ಎ380ರಂಥ ಅಗ್ಗದ ಕಾರ್ಡ್ ಅನ್ನು ಎರಡನೆಯದಾಗಿ ಕೂರಿಸಿದರೆ ಅದರಲ್ಲೂ ಕ್ವಿಕ್ ಸಿಂಕ್ ಸಿಗುತ್ತದೆ. ಆದರೆ ಇವರದು ಚಿಕ್ಕ ಬೋರ್ಡ್, 3060ರ ದಪ್ಪ ಕೂಲರ್ ಕೆಳಗಿನ ಸ್ಲಾಟ್ ಮುಚ್ಚಿಕೊಂಡಿತ್ತು. (ಎಎಂಡಿ ಪ್ರೊಸೆಸರ್ ಇದ್ದಿದ್ದರೆ ಈ ದಾರಿಯೋ 50 ಸರಣಿಯ ಕಾರ್ಡೋ ಎರಡರಲ್ಲಿ ಒಂದು ಬೇಕಾಗುತ್ತಿತ್ತು, ಆ ಕಾಲದ ಎಎಂಡಿ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ 4:2:2 ಬಿಡಿಸುವುದಿಲ್ಲ.)

ಉಳಿದದ್ದು ಎಫ್ ಇಲ್ಲದ ಐ7-12700. ಅದೇ ಸಾಕೆಟ್, ಅದೇ ಬೋರ್ಡ್, ಅದೇ ಕೂಲರ್. ಹಳೆಯದನ್ನು ಎಸ್‌ಪಿ ರೋಡಿನಲ್ಲೇ ಕೊಟ್ಟು ಮೇಲೆ ಹಣ ತೆತ್ತರು. ಒಟ್ಟು ಖರ್ಚು 4070ರ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ಪ್ರೊಸೆಸರ್ ಕೂರಿಸಿದ ಮಾತ್ರಕ್ಕೆ ಕೆಲಸವಾಗಲಿಲ್ಲ. ಡಿಕೋಡ್ ಮತ್ತೆ ಸೊನ್ನೆ! ಬೇರೆ ಕಾರ್ಡ್ ಇದ್ದರೆ ಹಲವು ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್ ಅನ್ನು ತಾವೇ ಆಫ್ ಮಾಡಿಬಿಡುತ್ತವೆ. ಬಯೋಸ್‌ಗೆ (ಬೋರ್ಡ್‌ನ ಮೂಲ ಸೆಟ್ಟಿಂಗ್ ಪುಟಕ್ಕೆ) ಹೋಗಿ ಇಂಟರ್ನಲ್ ಗ್ರಾಫಿಕ್ಸ್ ಅನ್ನು ‘ಆಟೊ’ದಿಂದ ‘ಎನೇಬಲ್ಡ್’ಗೆ ಬದಲಿಸಬೇಕು. ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ‘ಐಜಿಪಿಯು ಮಲ್ಟಿ ಮಾನಿಟರ್’. ಮಾನಿಟರ್ ಕೇಬಲ್ 3060ಯಲ್ಲೇ ಇರಲಿ. ಆಮೇಲೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ, ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಪುಟಕ್ಕೆ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್ ಕೆಳಗೆ ಇಂಟೆಲ್ ಟಿಕ್ ಇದೆಯೇ ನೋಡಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು. ಈಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡು ಜಿಪಿಯು ಕಂಡವು. ಇಂಟೆಲ್‌ನ ಡಿಕೋಡ್ ಶೇ. 70, ಎನ್‌ವಿಡಿಯಾದ 3ಡಿ ಶೇ. 45. ನಾಯ್ಸ್ ಲೇಯರ್ ಇಲ್ಲದ ತುಂಡಿಗೆ 1 ನಿಮಿಷ 50 ಸೆಕೆಂಡ್. ಪೂರ್ತಿ ಟೈಮ್‌ಲೈನ್ 1 ಗಂಟೆ 48 ನಿಮಿಷ. ಟೈಮ್‌ಲೈನ್ ಈಗ ಪ್ರಾಕ್ಸಿ ಇಲ್ಲದೆಯೂ ಸರಾಗ.

ಕರೆಂಟ್ ಭಯಕ್ಕೆ ಪ್ರತ್ಯೇಕ ಏರ್ಪಾಡಾಯಿತು. ಪೂರ್ತಿ ವಿಡಿಯೊವನ್ನು ವರಪೂಜೆ, ಆರತಕ್ಷತೆ, ಮುಹೂರ್ತ ಮುಂತಾಗಿ ಐದು ಭಾಗ ಮಾಡಿ ಪ್ರೀಮಿಯರ್ ಜೊತೆಗಿನ ಮೀಡಿಯಾ ಎನ್‌ಕೋಡರ್‌ನ ಸಾಲಿಗೆ ಹಾಕುತ್ತಾರೆ. ಕರೆಂಟ್ ಹೋದರೆ ಹೋಗುವುದು ಒಂದು ಭಾಗ ಮಾತ್ರ. ಕೊನೆಗೆ ಎಫ್‌ಎಫ್‌ಎಂಪೆಗ್ ಎಂಬ ಸಾಧನದಲ್ಲಿ ಮರು ಎನ್‌ಕೋಡ್ ಇಲ್ಲದೆ ಜೋಡಿಸಿದರೆ ಕೆಲವೇ ನಿಮಿಷದ ಕೆಲಸ. ಐದೂ ಭಾಗ ಒಂದೇ ಪ್ರಿಸೆಟ್‌ನಲ್ಲಿ ಬಂದಿರಬೇಕು. ಭಾಗ ಮಾಡುವ ಜಾಗ ಚಿತ್ರ ಕಪ್ಪಾಗಿ, ಧ್ವನಿ ಇಳಿದು ನಿಂತ ಜಾಗವಾಗಿರಬೇಕು. ನಾದಸ್ವರದ ನಡುವೆ ಕತ್ತರಿಸಿದರೆ ಜೋಡಣೆಯಲ್ಲಿ ‘ಟಕ್’ ಎಂದು ಕೇಳಿಸುತ್ತದೆ. ಒಟ್ಟು ಫೈಲ್ 52 ಜಿಬಿ ಆಗುವುದರಿಂದ ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡುತ್ತಾರೆ, ಫ್ಯಾಟ್32ಯಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ.

ಕ್ಯಾಮೆರಾದ ಮೆನು

ಖರ್ಚೇ ಇಲ್ಲದ ಪರಿಹಾರ ಎಲ್ಲಕ್ಕಿಂತ ಕೊನೆಗೆ ಹೊಳೆಯಿತು. ಟೈಮ್‌ಲೈನ್ 25 ಫ್ರೇಮ್‌ನದು. ಸ್ಲೋ ಮೋಷನ್‌ಗೆಂದು 50 ಫ್ರೇಮ್‌ಗೆ ಇಟ್ಟ ಕ್ಯಾಮೆರಾವನ್ನು ಮುಹೂರ್ತಕ್ಕೂ, ಆರತಕ್ಷತೆಯಲ್ಲಿ ಎರಡು ಗಂಟೆ ಸಾಲು ನಿಂತು ಕೈಕುಲುಕುವವರಿಗೂ ಹಾಗೇ ಬಿಟ್ಟಿದ್ದರು. ಎಚ್.265ರಲ್ಲಿ ಫ್ರೇಮ್‌ಗಳು ಒಂದನ್ನೊಂದು ನೆಚ್ಚಿಕೊಂಡಿರುತ್ತವೆ. ಬೇಡದ ಅರ್ಧವನ್ನು ಬಿಸಾಡುವ ಮೊದಲು ಅದರಲ್ಲಿ ಬಹುಪಾಲನ್ನು ಬಿಡಿಸಲೇಬೇಕು.

ಈಗಿನ ನಿಯಮ ಹೀಗಿದೆ. ಟ್ರೈಪಾಡ್ ಮೇಲಿನ ಉದ್ದನೆಯ ಚಿತ್ರೀಕರಣ: ಎಚ್.264, 8 ಬಿಟ್, 4:2:0, 25 ಫ್ರೇಮ್, ಶಟರ್ 1/50, ಮಾಮೂಲಿ ಬಣ್ಣದ ಪ್ರೊಫೈಲ್. 8 ಬಿಟ್‌ನಲ್ಲಿ ಲಾಗ್ (ಆಮೇಲೆ ಬಣ್ಣ ತಿದ್ದಲೆಂದು ಪೇಲವವಾಗಿ ತೆಗೆಯುವ ಪ್ರೊಫೈಲ್) ಬೇಡ, ಆಮೇಲೆ ಬಣ್ಣ ಎಳೆದರೆ ಮಂಟಪದ ಪರದೆಯ ಮೇಲೆ ಪಟ್ಟೆ ಪಟ್ಟೆ ಏಳುತ್ತದೆ. ಹೈಲೈಟ್ಸ್‌ನ ಸ್ಲೋ ಮೋಷನ್ ಶಾಟ್‌ಗಳು: ಎಚ್.265, 10 ಬಿಟ್, 4:2:0, 50 ಫ್ರೇಮ್, ಇಲ್ಲಿ ಲಾಗ್ ಆಗಬಹುದು. ಎರಡನ್ನೂ 3060 ತಾನೇ ಬಿಡಿಸುತ್ತದೆ. ತಪ್ಪಿಸಬೇಕಾದ್ದು ಎಚ್.264 10 ಬಿಟ್. ಹೆಸರು ಹಳೆಯದಾದ್ದರಿಂದ ಹಗುರ ಎನ್ನಿಸುತ್ತದೆ, ಆದರೆ 50 ಸರಣಿಗೆ ಮುಂಚಿನ ಎನ್‌ವಿಡಿಯಾ ಕಾರ್ಡ್‌ಗಳಿಗೆ ಅದು 4:2:0 ಆಗಿದ್ದರೂ ಬಿಡಿಸಲು ಬರದು, ಈ 12ನೇ ತಲೆಮಾರಿನ ಕ್ವಿಕ್ ಸಿಂಕ್‌ಗೂ ಬರದು. ಪೂರ್ತಿ ಭಾರ ಪ್ರೊಸೆಸರ್ ಮೇಲೆ.

ಮೆಮೊರಿ ಕಾರ್ಡ್ ಖಾಲಿ ಮಾಡುವಾಗ ಪ್ರತಿ ಕ್ಯಾಮೆರಾದ ಒಂದು ಕ್ಲಿಪ್ ಅನ್ನು ಮೀಡಿಯಾಇನ್ಫೊದಲ್ಲಿ ತೆರೆದು ಬಿಟ್, ಬಣ್ಣದ ಅಂಕಿ, ಫ್ರೇಮ್ ನೋಡಿ ಗೋಡೆಯ ಹಲಗೆಯ ಮೇಲೆ ಬರೆಯುವುದು ಈಗ ಆ ಹುಡುಗನ ಕೆಲಸ. ಆಷಾಢ ಕಳೆದು ಶ್ರಾವಣದ ಮೊದಲ ಮದುವೆಯಲ್ಲಿ ಬಾಡಿಗೆಗೆ ಕರೆಸಿದ ಎರಡನೇ ಕ್ಯಾಮೆರಾಮನ್ ಎಚ್.264 10 ಬಿಟ್‌ನಲ್ಲೇ ಇಡೀ ಧಾರೆ ತೆಗೆದುಕೊಂಡು ಬಂದಿದ್ದರು. ಅದು ಗೊತ್ತಾದದ್ದು ಎಡಿಟಿಂಗ್ ಶುರುವಾಗುವ ಮೊದಲೇ. ಧಾರೆಯ 40 ನಿಮಿಷದ ಕ್ಲಿಪ್‌ಗಳನ್ನಷ್ಟೇ ಆ ರಾತ್ರಿ ಪ್ರೊರೆಸ್‌ಗೆ ಬದಲಿಸಲು ಹಾಕಿ ಮನೆಗೆ ಹೋದರು. 25 ಫ್ರೇಮ್‌ನದಾದ್ದರಿಂದ 150 ಜಿಬಿಯೊಳಗೇ ಮುಗಿಯಿತು.